ವಿಷಯ: ಬಾಯ್ಲರ್ ತೆಗೆದುಹಾಕುವ ಬಗ್ಗೆ

ನಮ್ಮ ಲಾಂಡ್ರಿಯಲ್ಲಿ ಬಾಯ್ಲರ್ ಎಂದರೆ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೊಸ ಮ್ಯಾನೇಜರಿಗೆ ಇದನ್ನು ಯಾರೂ ಹೇಳಲಿಲ್ಲ. ಮುಂದೆ ನಡೆದ ಅಷ್ಟೂ ಫಜೀತಿಗೆ ಅದೊಂದೇ ಕಾರಣ.

ಹಿಂದಿನ ಶೆಡ್ಡಿನಲ್ಲಿ ಕಲ್ಲಿದ್ದಲು ತಿಂದು ನೀರು ಕಾಯಿಸುವ ಕಬ್ಬಿಣದ ದೊಡ್ಡ ಯಂತ್ರವೊಂದಿತ್ತು. ಎರಡು ಆಸ್ಪತ್ರೆ, ನಾಲ್ಕು ಹಾಸ್ಟೆಲ್, ಒಂದು ಹೋಟೆಲು, ಇಷ್ಟರ ಚಾದರ, ಟವೆಲು, ದಿಂಬಿನ ಚೀಲಗಳೆಲ್ಲ ಅದು ಕೊಟ್ಟ ಬಿಸಿನೀರಿನಲ್ಲೇ ಶುಭ್ರವಾಗಬೇಕು. ಇಪ್ಪತ್ತಾರು ವರ್ಷದಿಂದ ಅದರ ಬಾಯಿಗೆ ಕಲ್ಲಿದ್ದಲು ಹಾಕುತ್ತಿದ್ದವನನ್ನು ಯಾರೋ ಒಂದು ದಿನ ಬಾಯ್ಲರ್ ಎಂದು ಕರೆದರು. ಆಸಾಮಿ ನೋಡುವುದಕ್ಕೂ ಹಾಗೇ ಇದ್ದ: ಗುಂಡನೆಯ ಹೊಟ್ಟೆ, ಗಿಡ್ಡ ಕಾಲು, ಮೂಗಿನಲ್ಲಿ ಸದಾ ಸಿಗರೇಟಿನ ಹೊಗೆ. ಹೆಸರು ಅಂಟಿಕೊಂಡಿತು. ಮನುಷ್ಯನೇ ಬಾಯ್ಲರ್ ಆದ ಮೇಲೆ ಯಂತ್ರಕ್ಕೆ ಬೇರೆ ಹೆಸರು ಬೇಕಲ್ಲ; ಅದನ್ನು ಹಂಡೆ ಎಂದೆವು. "ಹಂಡೆ ಆರಿದೆ, ಬಾಯ್ಲರ್ ಊಟಕ್ಕೆ ಹೋಗಿದ್ದಾನೆ" ಎಂದರೆ ನಮ್ಮ ಇಪ್ಪತ್ತೆಂಟು ಜನರಲ್ಲಿ ಒಬ್ಬರಿಗೂ ಗೊಂದಲವಾಗುತ್ತಿರಲಿಲ್ಲ.

ನನ್ನ ಕೆಲಸ ಬಟ್ಟೆಗಳಿಗೆ ನಂಬರ್ ಚೀಟಿ ಹೊಲಿಯುವುದು. ಯಾವ ಚಾದರ ಯಾವ ಆಸ್ಪತ್ರೆಯದು ಎಂದು ಕಣ್ಣು ಮುಚ್ಚಿ ಹೇಳಬಲ್ಲ ನಾನೇ, ಯಾವ ಮಾತು ಯಾರದು ಎಂದು ತಿಳಿಯದೆ ಆರು ದಿನ ಒದ್ದಾಡಿದೆ. ಹಾಗಾಗಿ ಇಲ್ಲಿ ಯಾರನ್ನಾದರೂ ಪೆದ್ದರೆಂದು ನಾನು ಬರೆದರೆ ಮೊದಲ ಹೆಸರು ನನ್ನದೇ ಎಂದು ತಿಳಿದುಕೊಳ್ಳಬೇಕು.

ಮ್ಯಾನೇಜರ್ ಬಂದು ಮೂರು ವಾರವಾಗಿತ್ತು. ಒಳ್ಳೆಯವರೇ, ಆದರೆ ಮಾತಿನಲ್ಲಿ ಮಹಾ ಜಿಪುಣರು. ವಾಕ್ಯದಲ್ಲಿ ನಾಲ್ಕು ಪದ ದಾಟಿದರೆ ಐದನೆಯದನ್ನು ಯಾರೋ ಕಿತ್ತುಕೊಂಡು ಹೋದರೇನೋ ಎಂಬಂತೆ ಮುಖ ಮಾಡುತ್ತಿದ್ದರು. ಒಂದು ಶನಿವಾರ ಅವರು ಬಾಗಿಲ ಪಕ್ಕದ ಹಲಗೆಗೆ ಒಂದು ನೋಟೀಸು ಅಂಟಿಸಿದರು. ಇಸ್ತ್ರಿ ವಿಭಾಗದ ಮುಖ್ಯಸ್ಥೆಯನ್ನು ನಾವೆಲ್ಲ ಇಸ್ತ್ರಿ ಅಕ್ಕ ಎನ್ನುತ್ತೇವೆ. ಅವಳೇ ಅದನ್ನು ಗಟ್ಟಿಯಾಗಿ ಓದಿದಳು.

"ವಿಷಯ: ಬಾಯ್ಲರ್ ತೆಗೆದುಹಾಕುವ ಬಗ್ಗೆ. ಬಾಯ್ಲರ್‌ಗೆ ವಯಸ್ಸಾಗಿದೆ. ತಿನ್ನುವುದು ಹೆಚ್ಚು, ಕೆಲಸ ಕಡಿಮೆ. ಬೆಳಿಗ್ಗೆ ಬಿಸಿಯಾಗಲು ಎರಡು ಗಂಟೆ ಬೇಕು. ಹೊಗೆ ವಿಪರೀತ. ಸದ್ದಿನ ಬಗ್ಗೆ ಅಕ್ಕಪಕ್ಕದ ಮನೆಯವರ ದೂರು ಇದೆ. ಶುಕ್ರವಾರ ಹತ್ತು ಗಂಟೆಗೆ ಬಾಯ್ಲರನ್ನು ತೆಗೆದುಹಾಕಲಾಗುವುದು. ಸಿಬ್ಬಂದಿ ಗಾಬರಿಯಾಗಬಾರದು."

ಅವಳು ಒಂದೊಂದು ವಾಕ್ಯ ಓದಿದಾಗಲೂ ನಾವು ಹೌದೌದು ಎಂದು ತಲೆಯಾಡಿಸಿದೆವು ಎಂಬುದು ನಾಚಿಕೆಯ ಸಂಗತಿ. ಶುಕ್ರವಾರದ ಮಾತು ಬಂದಾಗ ಮಾತ್ರ ನಮ್ಮ ತಲೆ ನಿಂತಿತು.

ಇಸ್ತ್ರಿ ಅಕ್ಕ ನೋಟೀಸನ್ನು ಕಿತ್ತು ಶೆಡ್ಡಿಗೆ ತೆಗೆದುಕೊಂಡು ಹೋದಳು. ಬಾಯ್ಲರ್ ಸಲಿಕೆ ಕೆಳಗಿಟ್ಟು, ಕೈ ಒರೆಸಿಕೊಂಡು, ಎರಡು ಸಲ ಓದಿದ.

"ಬಿಸಿಯಾಗಕ್ಕೆ ಎರಡು ಗಂಟೆ ಬೇಕು ಅಂತ ಬರೆದಿದ್ದಾರಲ್ಲ ಅಕ್ಕಾ, ಇದನ್ನ ಇವರಿಗೆ ಹೇಳಿದ್ದು ಯಾರು?"

"ಯಾರು ಹೇಳಬೇಕು ಬಾಯ್ಲರಣ್ಣ? ಎರಡು ಲೋಟ ಟೀ ಒಳಗೆ ಹೋಗೋವರೆಗೂ ನೀನು ಬಾಯಿ ಬಿಡಲ್ಲ ಅನ್ನೋದು ಇಡೀ ಲಾಂಡ್ರಿಗೆ ಗೊತ್ತು."

"ಸರಿ. ಅಕ್ಕಪಕ್ಕದ ಮನೆಯವರ ದೂರು ಅಂದ್ರೆ?"

ಬಾಯ್ಲರ್ ಆ ಪ್ರಶ್ನೆಯನ್ನು ಮನೆಗೆ ಹೊತ್ತುಕೊಂಡು ಹೋದ.

ಭಾನುವಾರ ಬೆಳಿಗ್ಗೆ ಅವನು ತನ್ನ ಬೀದಿಯಲ್ಲಿ ತನಿಖೆಗೆ ಹೊರಟ; ಇದನ್ನೆಲ್ಲ ಆಮೇಲೆ ಅವನೇ ನನಗೆ ಹೇಳಿದ್ದು. ಎಡಗಡೆ ಮನೆಯಲ್ಲಿ ಒಬ್ಬ ನರ್ಸು. ಬಾಗಿಲು ತೆರೆದವಳಿಗೆ ಅವನು, "ನನ್ನ ಸದ್ದಿನ ವಿಷಯ ಕೇಳೋಣ ಅಂತ ಬಂದೆ" ಎಂದನಷ್ಟೆ.

"ದೂರು ಅಂತ ನಾನೇನೂ ಹೇಳಿಲ್ಲ ಅಣ್ಣಾ," ಎಂದಳು ಅವಳು. "ನಿಮ್ಮ ಗೋಡೆಯಿಂದ ಮಂಚ ಎಳೆದು ಈ ಕಡೆ ಹಾಕ್ಕೊಂಡೆ. ಆ ಜಾಗಕ್ಕೆ ಬಟ್ಟೆ ಕಪಾಟು ಇಟ್ಟೆ. ಕಪಾಟಿನ ಒಳಗೆ ಕಂಬಳಿ ತುಂಬಿದೆ. ಅಷ್ಟೆ."

ಎದುರು ಮನೆಯ ಬಸ್ ಡ್ರೈವರ್ ಇನ್ನೂ ನೇರ. "ನಿನ್ನ ಗೊರಕೆ ನನಗೆ ಅಭ್ಯಾಸ ಆಗಿದೆ ಮಾರಾಯ. ಮೊನ್ನೆ ನೀನು ಊರಲ್ಲಿಲ್ಲದಾಗ ನಿದ್ದೇನೇ ಬರಲಿಲ್ಲ. ಆದ್ರೂ ನನ್ನ ಹೆಂಡತಿ ಯಾರಿಗಾದ್ರೂ ಹೇಳಿದ್ರೆ ಅದಕ್ಕೆ ನಾನು ಜವಾಬ್ದಾರ ಅಲ್ಲ."

ಬಲಗಡೆ ಮನೆಯವರು ನಿವೃತ್ತ ಶಿಕ್ಷಕರು. ನೀರು, ಬೀದಿದೀಪ, ಚರಂಡಿ, ನಾಯಿ, ಯಾವುದರ ಬಗ್ಗೆಯಾದರೂ ಯಾವ ಇಲಾಖೆಗಾದರೂ ಬರೆದುಕೊಡುವುದರಿಂದ ಅವರಿಗೆ ಅರ್ಜಿ ಮೇಷ್ಟ್ರು ಎಂದೇ ಹೆಸರು. ಅವರು ಏನನ್ನೂ ಮುಚ್ಚಿಡಲಿಲ್ಲ. ಒಳಗೆ ಹೋಗಿ ಕಡತ ಬಿಚ್ಚಿ ಒಂದು ಹಳೆಯ ಹಾಳೆ ತಂದರು.

"ಎರಡು ವರ್ಷದ ಹಿಂದೆ ನಿನ್ನ ಗೊರಕೆ ಮೇಲೆ ಒಂದು ಬರೆದಿದ್ದೆ. ಕಳಿಸಲಿಲ್ಲ. ಯಾವ ಇಲಾಖೆಗೆ ಅಂತ ತೀರ್ಮಾನ ಆಗಲಿಲ್ಲ. ಓದ್ತೀಯಾ? ಎರಡನೇ ಪ್ಯಾರಾ ಚೆನ್ನಾಗಿ ಬಂದಿದೆ."

ಮನೆಗೆ ಬಂದ ಬಾಯ್ಲರ್ ಕುರ್ಚಿಯಲ್ಲಿ ಕುಸಿದು ಕೂತ. "ಕೇಳ್ತೀಯಾ, ಇಡೀ ಬೀದಿನೇ ನನ್ನ ಮೇಲೆ ಬಿದ್ದಿದೆ," ಎಂದ ಹೆಂಡತಿಗೆ.

"ಇಪ್ಪತ್ತೆರಡು ವರ್ಷದಿಂದ ಪಕ್ಕದಲ್ಲೇ ಮಲಗಿರೋಳು ನಾನು. ನಾನೇ ಒಂದು ದೂರು ಕೊಟ್ಟಿಲ್ಲ, ಇವರದ್ದೇನು?" ಎಂದಳು ಅವಳು. ಅವಳಿಗೆ ಕೋಪ ಬಂದರೆ ಕೈ ಸುಮ್ಮನಿರುವುದಿಲ್ಲ. ಮಾತಾಡುತ್ತಲೇ ಗಂಡನ ಅಂಗಿಗಳ ಗುಂಡಿಗಳನ್ನೆಲ್ಲ ಎಳೆದು ನೋಡಿ, ಸಡಿಲವಾದ ನಾಲ್ಕನ್ನು ಬಿಗಿಯಾಗಿ ಹೊಲಿದಳು. ಹೊಲಿದು ಮುಗಿಸಿ, "ಬಿಡ್ರಿ, ನಿಮ್ಮಲ್ಲಿ ತಪ್ಪಿದ್ರೆ ತಿದ್ಕೊಳ್ಳಿ. ಶುಕ್ರವಾರಕ್ಕೆ ಇನ್ನೂ ಐದು ದಿನ ಇದೆ," ಎಂದಳು.

ಬಾಯ್ಲರ್ ತಿದ್ದಿಕೊಳ್ಳಲು ಹೊರಟ. ನೋಟೀಸನ್ನು ಶೆಡ್ಡಿನ ಗೋಡೆಗೆ ಅಂಟಿಸಿಕೊಂಡು ಒಂದೊಂದೇ ಆರೋಪವನ್ನು ಕೈಗೆತ್ತಿಕೊಂಡ. ಹೊಗೆ ವಿಪರೀತ; ಸೋಮವಾರ ಬೆಳಿಗ್ಗೆ ಸಿಗರೇಟಿನ ಪೊಟ್ಟಣವನ್ನು ಒಲೆಗೆ ಎಸೆದ. ಅದು ಸುಟ್ಟ ಹೊಗೆ ಚಿಮಣಿಯಿಂದ ಹೊರಬರುವವರೆಗೆ ಹೊರಗೆ ನಿಂತು ನೋಡಿದ. ತಿನ್ನುವುದು ಹೆಚ್ಚು; ಬುತ್ತಿಯಲ್ಲಿ ಅರ್ಧವನ್ನು ನನಗೆ ಕೊಟ್ಟ. ಬಿಸಿಯಾಗಲು ಎರಡು ಗಂಟೆ. ಗೇಟಿನೊಳಗೆ ಕಾಲಿಟ್ಟ ಕೂಡಲೇ ನಿಂತಲ್ಲೇ ಓಡತೊಡಗಿದ. ಆಗಷ್ಟೇ ಬಂದ ಮ್ಯಾನೇಜರಿಗೆ ಓಡುತ್ತಲೇ, "ನಮಸ್ಕಾರ ಸಾರ್, ನಾನು ಆಗಲೇ ಬಿಸಿ ಆಗಿದ್ದೀನಿ," ಎಂದ. ಅವರು ಎರಡು ಹೆಜ್ಜೆ ಹಿಂದೆ ಸರಿದು, ಗೋಡೆಯ ಪಕ್ಕದಲ್ಲೇ ನಡೆದು ಕಚೇರಿ ಸೇರಿಕೊಂಡರು.

ಇದೇ ಹೊತ್ತಿಗೆ ಕಟ್ಟಡದ ತಾರಸಿಗೆ ದಿನವೂ ಉದ್ದುದ್ದ ಪೆಟ್ಟಿಗೆಗಳು ಏರುತ್ತಿದ್ದವು. ಒಂದರ ಮೂಲೆ ಹರಿದಿದ್ದರಿಂದ ಇಣುಕಿದೆವು: ಗಾಜಿನ ಕೊಳವೆಗಳು. ಟ್ಯೂಬ್‌ಲೈಟು ಎಂದು ತೀರ್ಮಾನಿಸಿದೆವು. ಇಷ್ಟೊಂದು ಟ್ಯೂಬ್‌ಲೈಟು ಹಾಕುತ್ತಾರೆಂದರೆ ಇನ್ನು ರಾತ್ರಿ ಪಾಳಿಯೂ ಶುರು ಎಂದು ಒಗೆಯುವ ವಿಭಾಗದವರು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ.

ಮಂಗಳವಾರ ಬಾಯ್ಲರ್ ಧೈರ್ಯ ಮಾಡಿ ಮ್ಯಾನೇಜರ ಕೋಣೆಗೆ ಹೋದ. ನಾನು ಅದರ ಕಿಟಕಿಯಾಚೆ ಕೂತು ದಿಂಬಿನ ಚೀಲಗಳಿಗೆ ಚೀಟಿ ಹೊಲಿಯುತ್ತಿದ್ದೆ. ಅಲ್ಲಿ ಬೆಳಕು ಚೆನ್ನಾಗಿದೆ.

"ಶುಕ್ರವಾರದ ವಿಷಯ ಮಾತಾಡಬೇಕಿತ್ತು ಸಾರ್."

"ಹೇಳಿ." ಮ್ಯಾನೇಜರ್ ಕಾಗದಗಳಿಗೆ ಸಹಿ ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

"ಇನ್ನೊಂದು ನಾಲ್ಕು ವರ್ಷ ಇಟ್ಕೋಬಹುದಿತ್ತಲ್ಲ ಸಾರ್."

"ಆಗಲ್ಲ. ಹೊಟ್ಟೆ ಒಳಗೆಲ್ಲ ಉಪ್ಪು ಕಟ್ಟಿದೆ."

ಬಾಯ್ಲರ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ. "ಡಾಕ್ಟರು ಹಾಗೇನೂ ಹೇಳಿಲ್ಲವಲ್ಲ."

"ಡಾಕ್ಟರ್ ಯಾಕೆ? ಹೊರಗಿಂದ ಬಡಿದು ನೋಡಿದ್ರೇ ಗೊತ್ತಾಗತ್ತೆ. ಕಾಲೂ ಸವೆದಿದೆ."

"ಮಂಡಿ ನೋವು ಇರೋದು ನಿಜ. ಎಣ್ಣೆ ಹಚ್ತಾ ಇದ್ದೀನಿ."

"ಎಣ್ಣೆಯಿಂದ ಏನೂ ಆಗಲ್ಲ. ಒಂದು ದಿನ ಸಿಡಿದ್ರೆ ಸುತ್ತ ಇರೋರಿಗೆ ಅಪಾಯ."

"ನಾನು ಇವತ್ತಿನವರೆಗೆ ಯಾರ ಮೇಲೂ ಸಿಡುಕಿದೋನಲ್ಲ ಸಾರ್." ಬಾಯ್ಲರನ ದನಿ ಸಣ್ಣಗಾಯಿತು. "ನಿನ್ನೆಯಿಂದ ಹೊಗೆ ಬಿಟ್ಟಿದ್ದೀನಿ."

"ನಿನ್ನೆ ಅಲ್ಲ, ದಿನಾ ಬಿಡ್ತಿದ್ದೀರಿ. ಅದಕ್ಕೇ ಈ ತೀರ್ಮಾನ."

ಮ್ಯಾನೇಜರ್ ಮತ್ತೆರಡು ಕಾಗದಕ್ಕೆ ಸಹಿ ಹಾಕಿದರು. ಆಮೇಲೆ ಬಾಯ್ಲರ್, "ಮತ್ತೆ ಇನ್ನು ಮೇಲೆ ನೀರು ಕಾಯಿಸೋದು ಯಾರು ಸಾರ್?" ಎಂದ.

ಮ್ಯಾನೇಜರ್ ಮೊದಲ ಬಾರಿಗೆ ತಲೆಯೆತ್ತಿದರು. ಮುಖ ಅರಳಿತು. ಈ ಒಂದು ವಿಷಯದಲ್ಲಿ ಮಾತ್ರ ಅವರು ಜಿಪುಣರಲ್ಲ ಎಂದು ನನಗೆ ಆಗಲೇ ಗೊತ್ತಾದದ್ದು.

"ಸೂರ್ಯ," ಎಂದರು. "ಇನ್ನು ಮೇಲೆ ಎಲ್ಲ ಅವನದೇ. ಬೆಳಿಗ್ಗೆ ಆರಕ್ಕೆ ಹಾಜರು, ಸಂಜೆ ಆರರವರೆಗೂ ಕೆಲಸ. ಸದ್ದಿಲ್ಲ, ಹೊಗೆಯಿಲ್ಲ. ಸಂಬಳ ಅಂತ ಒಂದು ಕಾಸು ಕೇಳಲ್ಲ."

"ಸಂಬಳ ಇಲ್ಲದೇನಾ? ರಜ?"

"ವಾರದ ರಜೆಯೂ ಇಲ್ಲ. ಮೋಡ ಕವಿದ್ರೆ ಸ್ವಲ್ಪ ಮಂಕಾಗ್ತಾನೆ. ಅದಕ್ಕೆ ಬೇರೆ ವ್ಯವಸ್ಥೆ ಮಾಡಿದ್ದೀವಿ."

"ಎಲ್ಲಿಂದ ಬಂದೋನು ಸಾರ್?"

ಮ್ಯಾನೇಜರ್ ಇದನ್ನು ತಮಾಷೆ ಎಂದುಕೊಂಡರು. ಪೆನ್ನನ್ನು ಛಾವಣಿಯ ಕಡೆ ತೋರಿಸಿ, "ಮೇಲಿಂದ," ಎಂದರು.

ಬಾಯ್ಲರಿಗೆ ಎಲ್ಲವೂ ಅರ್ಥವಾಗಿಹೋಯಿತು. ನನಗೂ ಆಯಿತು. ಮೇಲಿನವರ ಕಡೆಯ ಹುಡುಗ. ಅಂಥವನ ಮುಂದೆ ಇಪ್ಪತ್ತಾರು ವರ್ಷದ ಅನುಭವ ಯಾವ ಮೂಲೆಗೆ?

"ನಾಳೆಯಿಂದ ಎರಡು ದಿನ ತರಬೇತಿ ಇದೆ," ಎಂದು ಮ್ಯಾನೇಜರ್ ಸೇರಿಸಿದರು. "ನೀವು ಬರಲೇಬೇಕು. ಅವನಿಂದ ಕೆಲಸ ತೆಗೆಯೋದು ಅಷ್ಟು ಸುಲಭ ಅಲ್ಲ."

ತನ್ನನ್ನು ಕಳಿಸುವುದೂ ಅಲ್ಲದೆ, ತನ್ನ ಜಾಗಕ್ಕೆ ಬಂದವನಿಗೆ ತಾನೇ ಕೆಲಸ ಕಲಿಸಿಕೊಟ್ಟು ಹೋಗಬೇಕು. ಬಾಯ್ಲರ್ ಕೈಮುಗಿದು ಹೊರಗೆ ಬಂದ. ಬುಧವಾರದ ತರಬೇತಿಗೂ ಹೋಗಲಿಲ್ಲ, ಗುರುವಾರದ್ದಕ್ಕೂ ಹೋಗಲಿಲ್ಲ. ಗುರುವಾರ ಮಧ್ಯಾಹ್ನ ಮ್ಯಾನೇಜರ್ ಶೆಡ್ಡಿನ ಬಾಗಿಲಲ್ಲಿ ನಿಂತು, "ಕಲಿಯದಿದ್ರೆ ಬೇರೆಯವರನ್ನ ನೋಡಬೇಕಾಗತ್ತೆ," ಎಂದರು. ಇಷ್ಟು ಹೊತ್ತೂ ಇಲ್ಲದಿದ್ದ ಅಪಾಯ ಆಗ ನಿಜವಾಗಿಯೂ ಹುಟ್ಟಿತು. ಆದರೆ ಬಾಯ್ಲರಿಗೆ ಅದು ಹಳೆಯ ಸುದ್ದಿ. ಅವನು ಬೂದಿ ಬಳಿಯುತ್ತಲೇ ಇದ್ದ.

ಅಷ್ಟರಲ್ಲಿ ಅವನ ಮನೆಯಲ್ಲಿ ಬೇರೆಯೇ ಕಾರ್ಯಾಚರಣೆ ನಡೆದಿತ್ತು. ಹೆಂಡತಿಯ ತಮ್ಮ ವಿಮೆ ಏಜೆಂಟ್. ಅವನಿಗೆ ಗೊತ್ತಿಲ್ಲದ ಜನರಿಲ್ಲ. ಗೊತ್ತಿರುವವರೆಲ್ಲ ಅವನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ. ಬುಧವಾರ ಅವನು ತನ್ನ ಅಕ್ಕನ ಮಾತಿನ ಮೇಲೆ ಲಾಂಡ್ರಿಗೆ ಬಂದು, ತಾರಸಿಯ ಕೆಲಸದವರು ಟೀ ಕುಡಿಯುವ ಅಂಗಡಿಯಲ್ಲಿ ಅರ್ಧ ದಿನ ಕೂತು, ಸಂಜೆ ವರದಿ ಒಪ್ಪಿಸಿದ. ಅರ್ಜಿ ಮೇಷ್ಟ್ರನ್ನೂ ಕರೆಸಲಾಗಿತ್ತು.

"ಭಾವ, ಈ ಸೂರ್ಯ ಸಾಮಾನ್ಯದವನಲ್ಲ. ಹೆಸರು ಹೇಳಿದ್ರೆ ಸಾಕು, ಎಲ್ರೂ ಮೇಲೆ ನೋಡ್ತಾರೆ."

"ಅಷ್ಟು ದೊಡ್ಡ ಕೈ ಇದೆಯಾ?" ಎಂದ ಬಾಯ್ಲರ್.

"ಕೆಲಸ ಯಾವಾಗಿಂದ ಅಂತ ಕೇಳಿದೆ. ಶುಕ್ರವಾರ ಮಧ್ಯಾಹ್ನದಿಂದ ಅಂದ್ರು. ವಯಸ್ಸು ಎಷ್ಟು ಅಂದೆ. ನಕ್ಕುಬಿಟ್ರು. ಅದಕ್ಕೆಲ್ಲ ಲೆಕ್ಕ ಇಟ್ಟಿಲ್ಲ ಅಂದ್ರು."

ಅರ್ಜಿ ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗಾದರು. "ನಿಲ್ಲು ನಿಲ್ಲು. ವಯಸ್ಸಿನ ದಾಖಲೆ ಇಲ್ಲ ಅಂದ್ರಾ? ದಿನಕ್ಕೆ ಹನ್ನೆರಡು ಗಂಟೆ ಕೆಲಸ. ಸಂಬಳ ಇಲ್ಲ. ವಾರದ ರಜೆ ಇಲ್ಲ." ಅವರ ಕಣ್ಣು ಹೊಳೆಯುತ್ತಿತ್ತು. "ಇದು ನಿನ್ನ ಕೇಸೇ ಅಲ್ಲ ಕಣಯ್ಯ. ಇದು ಅವನ ಕೇಸು."

ಬಾಯ್ಲರನ ಹೆಂಡತಿ ತಲೆಯ ಮೇಲೆ ಕೈಹೊತ್ತಳು. "ಪಾಪ, ಯಾರ ಮನೆ ಮಗನೋ. ನಿನ್ನೆಯಿಂದ ಸುಮ್ಮನೆ ಅವನನ್ನ ಬೈಕೊಂಡೆ. ಸಂಬಳ ಇಲ್ಲದೆ ದುಡಿಸ್ಕೊಳ್ತಾರೆ ಅಂದ್ರೆ ಊಟನಾದ್ರೂ ಹಾಕ್ತಾರೋ ಇಲ್ವೋ."

ಹೀಗೆ ಬಾಯ್ಲರನ ಕೆಲಸ ಉಳಿಸಲು ಕೂತ ಸಭೆ ಸೂರ್ಯನನ್ನು ಬಿಡಿಸಲು ಎದ್ದಿತು. ಮೇಷ್ಟ್ರು ಮೂರು ಪುಟ ಬರೆದರು. 'ಸದರಿ ಸೂರ್ಯ ಎಂಬುವವರನ್ನು ಯಾವುದೇ ನೇಮಕಾತಿ ಪತ್ರವಿಲ್ಲದೆ ಮುಂಜಾನೆಯಿಂದ ಮುಸ್ಸಂಜೆವರೆಗೆ ಬಿಸಿಲಿನಲ್ಲಿ ದುಡಿಸಿಕೊಳ್ಳಲಾಗುತ್ತಿದ್ದು' ಎಂಬ ಸಾಲನ್ನು ಅವರು ಎರಡು ಸಲ ಓದಿ ತೋರಿಸಿದರು. ಬಿಸಿಲಿನ ವಿಷಯ ಯಾರೂ ಹೇಳಿರಲಿಲ್ಲ. ಅದು ಪರಿಣಾಮಕ್ಕೆಂದು ಅವರೇ ಸೇರಿಸಿದ್ದು. ಗುರುವಾರ ಬೆಳಿಗ್ಗೆ ಕಚೇರಿಯ ಬಾಗಿಲು ತೆರೆದ ಕೂಡಲೇ ಅರ್ಜಿ ಕಾರ್ಮಿಕ ಅಧಿಕಾರಿಯ ಮೇಜು ಸೇರಿತು.

ಶುಕ್ರವಾರ ಹತ್ತು ಗಂಟೆಗೆ ಸರಿಯಾಗಿ ಅಂಗಳಕ್ಕೆ ಒಂದು ಕ್ರೇನ್ ಬಂದಿತು. ನಾವು ಕೆಲಸ ನಿಲ್ಲಿಸಿ ಹೊರಗೆ ಬಂದೆವು. ಇಸ್ತ್ರಿ ವಿಭಾಗದ ಹೆಂಗಸರು ಬಾಯ್ಲರನ ಸುತ್ತ ಕೈ ಕೈ ಹಿಡಿದು ನಿಂತರು. ಒಬ್ಬ ಮನುಷ್ಯನನ್ನು ಕೆಲಸದಿಂದ ತೆಗೆಯಲು ಇಷ್ಟು ದೂರ ಹೋಗುತ್ತಾರೆಂದು ಯಾರೂ ಎಣಿಸಿರಲಿಲ್ಲ.

ಡ್ರೈವರ್ ಸರಪಳಿ ಬಿಚ್ಚುತ್ತ, "ಬಾಯ್ಲರ್ ಯಾವುದು?" ಎಂದ.

ಇಪ್ಪತ್ತೇಳು ಬೆರಳು ಒಂದೇ ಕಡೆ ತಿರುಗಿದವು. ಡ್ರೈವರ್ ಬಾಯ್ಲರನನ್ನು ಮೇಲಿಂದ ಕೆಳಗೆ ನೋಡಿದ. ಸರಪಳಿ ನೋಡಿದ. ಮತ್ತೆ ಬಾಯ್ಲರನನ್ನು ನೋಡಿದ.

"ಇಷ್ಟಕ್ಕೆ ಕ್ರೇನ್ ಯಾಕೆ ಕರೆಸಿದ್ರಿ?" ಎಂದ. "ಟ್ಯಾಕ್ಸಿ ಸಾಕಿತ್ತು."

ಇಸ್ತ್ರಿ ಅಕ್ಕ ಅವನಿಗೆ ಉತ್ತರ ಕೊಡುವ ಮೊದಲೇ ಗೇಟಿನಲ್ಲಿ ಸ್ಕೂಟರ್ ನಿಂತಿತು. ಕಾರ್ಮಿಕ ಅಧಿಕಾರಿ ಇಳಿದರು. ತೆಳ್ಳಗಿನ ಹೆಂಗಸು, ಕಂಕುಳಲ್ಲಿ ರಿಜಿಸ್ಟರ್, ಮೂಗಿನಲ್ಲಿ ನೆಗಡಿ. ಅವರ ಹಿಂದೆ ಬೇರೊಂದು ಬಂಡಿಯಲ್ಲಿ ಅರ್ಜಿ ಮೇಷ್ಟ್ರು, ವಿಮೆ ಏಜೆಂಟ್ ಮತ್ತು ಎರಡು ಬುತ್ತಿ ಹಿಡಿದ ಬಾಯ್ಲರನ ಹೆಂಡತಿ. ಗದ್ದಲ ಕೇಳಿ ಮ್ಯಾನೇಜರೂ ಹೊರಗೆ ಬಂದರು.

"ಸೂರ್ಯ ಅನ್ನೋರನ್ನ ಕರೀರಿ," ಎಂದರು ಅಧಿಕಾರಿ.

"ಮೇಡಂ?"

"ನಿಮ್ಮಲ್ಲಿ ನೀರು ಕಾಯಿಸೋಕೆ ಸೂರ್ಯ ಅನ್ನೋರನ್ನ ಇಟ್ಕೊಂಡಿದ್ದೀರೋ ಇಲ್ವೋ?"

"ಇಟ್ಕೊಂಡಿದ್ದೀವಿ." ಮ್ಯಾನೇಜರಿಗೆ ಪ್ರಶ್ನೆ ವಿಚಿತ್ರ ಎನಿಸಿದರೂ, ಸರ್ಕಾರದವರು ಕೇಳಿದಾಗ ಹೌದು ಎಂದರೆ ಬೇಗ ಮುಗಿಯುತ್ತದೆ ಎಂಬುದು ಅವರ ಅನುಭವ.

"ಸಂಬಳ ಕೊಡ್ತಿದ್ದೀರಾ?"

"ಇಲ್ಲ."

"ವಾರದ ರಜೆ?"

"ಇಲ್ಲ ಮೇಡಂ."

ಅಧಿಕಾರಿ ರಿಜಿಸ್ಟರ್ ತೆರೆದು ಬರೆದುಕೊಂಡರು. ಇಷ್ಟು ಸರಾಗವಾಗಿ ತಪ್ಪೊಪ್ಪಿಕೊಂಡ ಮಾಲೀಕರ ಕಡೆಯವರನ್ನು ಅವರು ತಮ್ಮ ಸೇವೆಯಲ್ಲೇ ಕಂಡಿರಲಿಲ್ಲವಂತೆ. "ಈಗ ಎಲ್ಲಿದ್ದಾರೆ?"

"ಮೇಲಿದ್ದಾನೆ."

"ಕೆಳಗೆ ಇಳಿಸಿ."

ಮ್ಯಾನೇಜರ್ ಯೋಚಿಸಿದರು. "ಆಗಲ್ಲ ಮೇಡಂ. ಸಂಜೆ ಆರೂವರೆಗೆ ತಾನಾಗೇ ಇಳೀತಾನೆ."

"ಅಲ್ಲಿವರೆಗೆ ಬಿಸಿಲಲ್ಲೇ ಇರ್ತಾರಾ?"

"ಬಿಸಿಲು ಅವನದೇ ಅಲ್ವಾ ಮೇಡಂ?"

ಅಧಿಕಾರಿ ರಿಜಿಸ್ಟರನ್ನು ಟಪ್ಪೆಂದು ಮುಚ್ಚಿ ಮೆಟ್ಟಿಲ ಕಡೆ ನಡೆದರು. ಅವರ ಹಿಂದೆ ಮ್ಯಾನೇಜರ್, ಮ್ಯಾನೇಜರ ಹಿಂದೆ ಬಾಯ್ಲರ್, ಅವನ ಹಿಂದೆ ನಾವೆಲ್ಲ. ಕ್ರೇನ್ ಡ್ರೈವರೂ ಬಂದ.

ತಾರಸಿಯ ತುಂಬ ಸಾಲುಸಾಲಾಗಿ ಕಪ್ಪು ಗಾಜಿನ ಕೊಳವೆಗಳನ್ನು ಓರೆಯಾಗಿ ಜೋಡಿಸಿದ್ದರು. ಪ್ರತಿ ಸಾಲಿನ ತಲೆಯ ಮೇಲೆ ಒಂದೊಂದು ಬಿಳಿ ಟ್ಯಾಂಕು. ಟ್ಯಾಂಕಿನಿಂದ ಟ್ಯಾಂಕಿಗೆ ಪೈಪು. ಅಲ್ಲಿ ಯಾರೂ ಇರಲಿಲ್ಲ. ಅಧಿಕಾರಿ ಸಾಲುಗಳ ಮಧ್ಯೆ ಬಗ್ಗಿ ನೋಡಿದರು. ಟ್ಯಾಂಕುಗಳ ಹಿಂದೆ ನೋಡಿದರು.

"ಎಲ್ಲಿ?"

ಮ್ಯಾನೇಜರ್ ಕೈಯೆತ್ತಿ ತೋರಿಸಿದರು. ಅಧಿಕಾರಿ ಮೇಲೆ ನೋಡಿ, ಬೆಳಕು ಕಣ್ಣು ಕುಕ್ಕಿ, ಒಂದರ ಹಿಂದೊಂದು ನಾಲ್ಕು ಸೀನು ಸೀನಿದರು. ಆಮೇಲೆ ಮೂಗೊರೆಸಿಕೊಂಡು ಅರ್ಜಿ ಮೇಷ್ಟ್ರ ಕಡೆ ತಿರುಗಿದರು.

"ನಿಮ್ಮ ಅರ್ಜಿ ಇವರ ಪರವಾಗಿಯೇನು?"

ಮೇಷ್ಟ್ರು ಅರ್ಜಿಯ ನಕಲನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಸೇರಿಸಿದರು. ವಿಮೆ ಏಜೆಂಟ್ ಮೆಲ್ಲಗೆ ಮೆಟ್ಟಿಲಿಳಿದು ಹೋದದ್ದನ್ನು ನಾನು ನೋಡಿದೆ.

ಬಾಯ್ಲರ್ ಒಂದು ಕೊಳವೆಯನ್ನು ಮುಟ್ಟಿ ನೋಡುತ್ತ ನಿಂತಿದ್ದ. ಅವನ ಬಾಯಿಂದ ಮಾತುಗಳು ಒಂದೊಂದಾಗಿ ಬಂದವು. "ಅಂದ್ರೆ ಸೂರ್ಯ ಅಂದ್ರೆ ಸೂರ್ಯನೇ."

"ಮತ್ತೆ ಯಾರು?" ಎಂದರು ಮ್ಯಾನೇಜರ್.

"ಹಾಗಾದ್ರೆ ನೀವು ತೆಗೆದುಹಾಕ್ತೀನಿ ಅಂತ ಬರೆದಿದ್ದು ಯಾರನ್ನ ಸಾರ್?"

"ಯಾರನ್ನ ಏನ್ರೀ. ಬಾಯ್ಲರನ್ನ. ಕೆಳಗೆ ಶೆಡ್ಡಲ್ಲಿದೆಯಲ್ಲ."

"ಅದು ಹಂಡೆ ಸಾರ್," ಎಂದ ಅವನು. "ಬಾಯ್ಲರ್ ನಾನು."

ಮ್ಯಾನೇಜರ್ ನಮ್ಮ ಮುಖಗಳನ್ನು ನೋಡಿದರು. ನಾವು ತಲೆಯಾಡಿಸಿದೆವು. ಅವರ ಮನಸ್ಸು ಮಂಗಳವಾರದ ಮಾತುಕತೆಗೆ ಹೋಗಿ, ಹೊಟ್ಟೆಯ ಉಪ್ಪು, ಸವೆದ ಕಾಲು, ಸಿಡಿಯುವುದು, ಎಲ್ಲವನ್ನೂ ಒಂದೊಂದಾಗಿ ಮುಟ್ಟಿಕೊಂಡು ವಾಪಸು ಬರುತ್ತಿರುವುದು ಅವರ ಕಿವಿಯ ಬಣ್ಣದಲ್ಲೇ ಕಾಣುತ್ತಿತ್ತು. ಅವರು ಒಂದು ಖಾಲಿ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. ಪೆಟ್ಟಿಗೆ ರಟ್ಟಿನದು, ಅವರೊಂದಿಗೆ ಅದೂ ಕೂತಿತು.

"ನಿಮ್ಮನ್ನ ಯಾಕ್ರೀ ತೆಗೀಲಿ ನಾನು?" ಎಂದರು ನೆಲದಿಂದಲೇ. "ಇಲ್ಲಿ ಇಪ್ಪತ್ತು ವಾಲ್ವ್ ಇದೆ. ಯಾವುದನ್ನ ಯಾವಾಗ ತಿರುಗಿಸಬೇಕು ಅಂತ ನನಗೆ ಗೊತ್ತಾ, ಇವರಿಗೆ ಗೊತ್ತಾ? ಈ ಜಾಗಕ್ಕೆ ನಿಮ್ಮ ಹೆಸರು ಬರೆದು ಎರಡು ವಾರ ಆಯ್ತು. ಅದಕ್ಕೇ ತರಬೇತಿಗೆ ಬನ್ನಿ ಬನ್ನಿ ಅಂತ ಬಡ್ಕೊಂಡೆ."

ಇದು ಅವರ ಬಾಯಿಂದ ನಾವು ಕೇಳಿದ ಅತಿ ಉದ್ದದ ಮಾತು. ಬಾಯ್ಲರ್ ಗೋಡೆ ಹಿಡಿದುಕೊಂಡು ಮೊದಲು ನಕ್ಕ, ಆಮೇಲೆ ಅತ್ತ, ಆಮೇಲೆ ಎರಡೂ ಒಟ್ಟಿಗೆ ಬಂದು ಕೆಮ್ಮಿದ. ಅಷ್ಟು ಹೊತ್ತಿಗೆ ಮಂಡಿ ಹಿಡಿದುಕೊಂಡು ಮೆಟ್ಟಿಲೇರಿ ಬಂದ ಅವನ ಹೆಂಡತಿ ಏದುಸಿರಿನಲ್ಲೇ, "ಎಲ್ಲಿ ಆ ಹುಡುಗ? ಬುತ್ತಿ ತಂದಿದ್ದೀನಿ," ಎಂದಳು. ಸೂರ್ಯನ ಪಾಲಿನ ಬುತ್ತಿಯನ್ನು ಕೊನೆಗೆ ಮ್ಯಾನೇಜರ್ ಮತ್ತು ಅಧಿಕಾರಿ ಹಂಚಿಕೊಂಡು ಉಂಡರು.

ಆದರೆ ದಿನ ಇನ್ನೂ ಮುಗಿದಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ಹೊಸ ವ್ಯವಸ್ಥೆ ಶುರುವಾಗಬೇಕು. ತಂತ್ರಜ್ಞರು ದೊಡ್ಡ ವಾಲ್ವ್ ತೆರೆದರು. ಕೆಳಗೆ ಒಗೆಯುವ ಕೋಣೆಯಲ್ಲಿ ನಲ್ಲಿ ಗುರ್ರೆಂದಿತು, ಒಂದು ಹನಿ ಉಗುಳಿತು, ಸುಮ್ಮನಾಯಿತು. ತಂತ್ರಜ್ಞರು ನಕ್ಷೆ ನೋಡಿದರು, ಪಂಪು ನೋಡಿದರು, ಫೋನಿನಲ್ಲಿ ಯಾರನ್ನೋ ಬೈದರು. ಆಸ್ಪತ್ರೆಯ ಮುನ್ನೂರು ಚಾದರ ತೊಟ್ಟಿಯಲ್ಲಿ ಒಣಗಿ ಕಾಯುತ್ತಿದ್ದವು. ಮ್ಯಾನೇಜರ ಕಿವಿ ಮತ್ತೆ ಬಣ್ಣ ಬದಲಿಸತೊಡಗಿತು.

ತರಬೇತಿ ತಪ್ಪಿಸಿಕೊಂಡಿದ್ದ ಬಾಯ್ಲರ್ ಆಗ ತಾರಸಿಯಿಂದ ಇಳಿಯುವ ಪೈಪಿಗೆ ಕಿವಿಯಿಟ್ಟ. ಎರಡು ಹೆಜ್ಜೆ ಸರಿದು ಮತ್ತೆ ಕಿವಿಯಿಟ್ಟ. ಒಂದು ತಿರುವಿನ ಹತ್ತಿರ ಬೆರಳಲ್ಲಿ ತಟ್ಟಿದ.

"ಇಲ್ಲಿ ಗಾಳಿ ಕಟ್ಟಿದೆ," ಎಂದ. "ನೀರು ಬಂದು ಬಂದು ವಾಪಸ್ ಹೋಗ್ತಿದೆ. ಬಿಸಿ ನೀರು ಯಾವ ಒಲೆಯಿಂದ ಬಂದ್ರೂ ಅದರ ಬುದ್ಧಿ ಒಂದೇ." ಸ್ಪ್ಯಾನರ್ ತೆಗೆದುಕೊಂಡು ತಿರುವಿನ ಮೇಲಿನ ಸಣ್ಣ ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿದ. ಗಾಳಿ ಸೀಟಿ ಹೊಡೆಯುತ್ತ ಹೊರಬಂತು. ಕೆಳಗಿನಿಂದ ಇಸ್ತ್ರಿ ಅಕ್ಕನ ಕೂಗು ಕೇಳಿಸಿತು: ನೀರು ಬಂದಿದೆ, ಸುಡುತ್ತಿದೆ, ಇದೇನು ಯಾರಾದರೂ ಮೊದಲೇ ಹೇಳಬಾರದೇ ಎಂದು.

ಮೂರು ಗಂಟೆಗೆ ಕ್ರೇನ್ ಹಂಡೆಯನ್ನು ಎತ್ತಿ ಲಾರಿಗೆ ಹಾಕಿತು. ಬಾಯ್ಲರ್ ಅದರ ಬಾಗಿಲ ಚಿಲಕ ಹಾಕಿ, ದಾರಿಯಲ್ಲಿ ತೆರೆದುಕೊಳ್ಳದಂತೆ ತಂತಿ ಸುತ್ತಿದ. ಲಾರಿ ತಿರುವು ದಾಟುವವರೆಗೂ ಗೇಟಿನಲ್ಲಿ ನಿಂತಿದ್ದ. ಆಮೇಲೆ ಮುಖ ತೊಳೆದುಕೊಂಡು ಬಂದು, "ಬೂದಿ ಬಳಿಯೋದು ಇಲ್ಲ, ಅಲ್ವಾ? ಹಾಗಾದ್ರೆ ನಾನು ಮನೆಗೆ ಹೋಗಬಹುದಾ ಸಾರ್?" ಎಂದ. ಹೋಗಬಹುದೆಂದು ಮ್ಯಾನೇಜರ್ ತಲೆಯಾಡಿಸಿದರು. ಇನ್ನು ಮೇಲೆ ಅವನ ಪಾಳಿ ಮೂರಕ್ಕೇ ಮುಗಿಯುತ್ತದೆಂದೂ ಹೇಳಿದರು.

ಗಂಡ ಹೆಂಡತಿ ಜೊತೆಯಾಗಿ ಹೊರಟರು. ಇಷ್ಟು ಬೆಳಕಿರುವಾಗ ಅವರಿಬ್ಬರು ಒಟ್ಟಿಗೆ ಬೀದಿಯಲ್ಲಿ ನಡೆದದ್ದನ್ನು ನಾನು ಕಂಡಿರಲಿಲ್ಲ. ನನ್ನ ಮನೆಯೂ ಅದೇ ದಾರಿ. ಹತ್ತು ಹೆಜ್ಜೆ ಹಿಂದೆ ನಡೆಯುತ್ತಿದ್ದೆ. ಬಾಯ್ಲರನ ನಡಿಗೆ ಹಗುರವಾಗಿತ್ತು. "ಎಲ್ಲಾ ಮೊದಲಿನ ಹಾಗೇ ಆಯ್ತು ನೋಡು," ಎನ್ನುತ್ತಿದ್ದ.

"ಪೂರ್ತಿ ಮೊದಲಿನ ಹಾಗಲ್ಲ," ಎಂದಳು ಅವಳು. "ನಿಮ್ಮ ಕೆಲಸ ಹೋಯ್ತು ಅಂದ್ಕೊಂಡು ಬುಧವಾರ ನಾನು ಆ ದೊಡ್ಡ ಬಟ್ಟೆ ಅಂಗಡಿಗೆ ಹೋಗಿದ್ದೆ. ಗುಂಡಿ ಹೊಲಿಯೋಕೆ, ಅಂಚು ಮಡಿಸೋಕೆ ಜನ ಬೇಕಂತೆ. ಒಂದು ಅಂಗಿ ಕೊಟ್ಟು ಹೊಲಿಸಿ ನೋಡಿದ್ರು. ಸೋಮವಾರದಿಂದ ಬಾ ಅಂದ್ರು."

ಬಾಯ್ಲರ್ ನಿಂತುಬಿಟ್ಟ. "ಈಗ ಬೇಡ ಅಂತ ಹೇಳಿಬಿಟ್ರೆ ಆಯ್ತಲ್ಲ."

"ಯಾಕೆ ಬೇಡ? ನಾನು ಹೊಲಿದಿದ್ದು ನೋಡಿ ಆ ಯಜಮಾನರು, ಇಷ್ಟು ದಿನ ಎಲ್ಲಿದ್ದೆಯಮ್ಮ ಅಂದ್ರು. ಇದನ್ನ ನಂಗೆ ಯಾರೂ ಕೇಳಿರಲಿಲ್ಲ. ನಾನು ಹೋಗ್ತೀನಿ."

"ಎಷ್ಟು ಹೊತ್ತಿಗೆ ಬರ್ತೀಯ?"

"ಏಳಾಗತ್ತೆ."

"ಅಡುಗೆ?"

"ನೀವು ಮೂರಕ್ಕೇ ಬರ್ತೀರಲ್ಲ," ಎಂದು ಹೇಳಿ ಅವಳು ಮುಂದೆ ನಡೆದಳು. ಅವನು ಒಂದು ಗಳಿಗೆ ಅಲ್ಲೇ ನಿಂತು, ಆಮೇಲೆ ಓಡಿ ಹೋಗಿ ಅವಳ ಕೈಯಿಂದ ಖಾಲಿ ಬುತ್ತಿಗಳನ್ನು ಇಸಿದುಕೊಂಡ.

ಸೋಮವಾರ ಮಧ್ಯಾಹ್ನ ಮೂರಕ್ಕೆ ಐದು ನಿಮಿಷ ಇರುವಾಗ ಬಾಯ್ಲರ್ ತಾರಸಿಯಿಂದ ಇಳಿದು ಬಂದ. ಇಪ್ಪತ್ತು ವಾಲ್ವುಗಳೂ ಸರಿಯಾಗಿದ್ದವು, ಟ್ಯಾಂಕುಗಳಲ್ಲಿ ಎಂಟು ಸಾವಿರ ಲೀಟರ್ ನೀರು ಕಾದು ನಿಂತಿತ್ತು. ಅತ್ತಿತ್ತ ನೋಡಿ, ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಇಸ್ತ್ರಿ ಅಕ್ಕನ ಹತ್ತಿರ ಬಗ್ಗಿ ಕೇಳಿದ:

"ಅಕ್ಕಾ, ಒಂದು ಲೋಟ ಅಕ್ಕಿಗೆ ನೀರು ಎಷ್ಟು ಹಾಕಬೇಕು?"